ಬ್ಯಾರಿ ಕಂಪನಿದು ಅದ ಏನ್ರಿ?

ನಾನು ರೊಟ್ಟಿ ಬಡಿಯುವ ತಾಳ ಕೇಳಿಯೇ ನನ್ನ ಮನಸ್ಸು ಹೇಗಿದೆಯೆಂದು ಮನೆಯವರು ಹೇಳಿಬಿಡುತ್ತಾರೆ. ಆ ಗುರುವಾರ ಬೆಳಿಗ್ಗೆ ನಾಲ್ಕನೆಯ ರೊಟ್ಟಿಗೇ ತಾಳ ತಪ್ಪಿತು. ಸೊಸೆ ಜೆಸಿಂತಾ ಒಂಬತ್ತು ತಿಂಗಳ ಮಗಳನ್ನು ಸೊಂಟಕ್ಕೇರಿಸಿಕೊಂಡು ಬಂದು, "ಅತ್ತೀ, ಇವತ್ತ ದಡಾರ-ರುಬೆಲ್ಲಾ ಸೂಜಿ ಮಾಡ್ಸಂಗಿಲ್ಲ ನಾ," ಎಂದಳು.

ಅವಳ ಮೊಬೈಲಿಗೆ ಯಾರೋ ಸುದ್ದಿ ಕಳಿಸಿದ್ದರು: ಆ ಲಸಿಕೆಯನ್ನು ಗರ್ಭಪಾತದ ಕೂಸಿನಿಂದ ಮಾಡುತ್ತಾರಂತೆ. ಸುಳ್ಳೆಂದು ತಳ್ಳಿಹಾಕೋಣವೆಂದರೆ ಅರ್ಧ ನಿಜ. ದಶಕಗಳ ಹಿಂದೆ ಅಂಥ ಒಂದು ಕೂಸಿನಿಂದ ತೆಗೆದ ಜೀವಕೋಶಗಳ ಸಂತತಿ ಪ್ರಯೋಗಾಲಯದಲ್ಲಿ ಇಂದಿಗೂ ಬೆಳೆಯುತ್ತಿದೆ. ರುಬೆಲ್ಲಾ ವೈರಸ್ಸನ್ನು ಬೆಳೆಸುವುದು ಅದರಲ್ಲೇ.

"ನಾವೂ ಆ ಪಾಪದಾಗ ಶಾಮೀಲಾದಂಗ ಅಲ್ಲೇನ್ರಿ?"

ಶಾಮೀಲು! ನಿಜಾಮ ಹೋದರೂ ಈ ಪದ ನಮ್ಮ ಶಹಾಪುರ ಬಿಟ್ಟು ಹೋಗಲಿಲ್ಲ. ಇಲ್ಲಿ ಕಳ್ಳನ ಜೊತೆ ಚಹಾ ಕುಡಿದವನೂ ಶಾಮೀಲು, ಕಳವಿನ ಸುದ್ದಿಗೆ ನಕ್ಕವನೂ ಶಾಮೀಲು. ನಾನು ಓದಿದ ಕಾನ್ವೆಂಟಿನ ಸಿಸ್ಟರ್ ಮಾತ್ರ ಹೀಗೆ ಸಗಟಾಗಿ ಯಾರನ್ನೂ ನರಕಕ್ಕೆ ಕಳಿಸುತ್ತಿರಲಿಲ್ಲ. ತಪ್ಪಿಗೆ ಕೈ ಹಾಕಿದವನೇ ಬೇರೆ; ತಪ್ಪನ್ನು ಒಪ್ಪದೆ, ಬೇರೆ ದಾರಿಯಿಲ್ಲದೆ, ಅಷ್ಟು ದೂರದಲ್ಲಿ ನಿಂತು ಮಗುವಿನ ಜೀವ ಕಾಯುವ ತಾಯಿಯೇ ಬೇರೆ. ನಮ್ಮ ಕ್ಯಾಥೋಲಿಕ್ ಧರ್ಮಸಭೆ ಹೇಳುವುದೂ ಇದನ್ನೇ: ಹಾಕಿಸಿಕೊಳ್ಳಬಹುದು, ಆದರೆ ಹಳೆಯ ತಪ್ಪನ್ನು ಸರಿ ಎನ್ನಬೇಡಿ, ಕಳಂಕವಿಲ್ಲದ ಲಸಿಕೆ ಬೇಕೆಂದು ಕೇಳುತ್ತಲೇ ಇರಿ. ಚಹಾಕ್ಕೆ ಸಕ್ಕರೆಯೆಂದು ಉಪ್ಪು ಸುರಿಯುವ ನನಗೆ ಇಷ್ಟು ದೇವಶಾಸ್ತ್ರ ನೆನಪಿದ್ದದ್ದೇ ಪವಾಡ.

"ಬ್ಯಾರಿ ಕಂಪನಿ ಸೂಜಿ ಅದ ಏನಂತ ಕೇಳೂಣು ನಡಿ. ಇಲ್ಲಂದ್ರ ಇದನ್ನss ಹಾಕ್ಸೂಣು," ಎಂದು ಅವಳನ್ನು ಅಂಗನವಾಡಿಗೆ ಹೊರಡಿಸಿದೆ.

ನಮ್ಮ ಸರತಿ ಬಂದಾಗ ನರ್ಸಮ್ಮನಿಗೆ ಕೇಳಿಯೂಬಿಟ್ಟೆ: "ಇದರಾಗ ಬ್ಯಾರಿ ಕಂಪನಿದು ಅದ ಏನ್ರಿ?"

ಆಕೆ ಐಸ್ ಪೆಟ್ಟಿಗೆಯ ಮುಚ್ಚಳ ಹಿಡಿದೇ ನನ್ನನ್ನು ನೋಡಿದಳು. "ಅಕ್ಕಾರ, ಸೀರಿ ಅಂಗಡಿಗಿ ಬಂದೀರೇನು? ಸಣ್ಣ ಅಂಚಿಂದು ತಗೀಲೇನ್ರಿ?"

ಸಾಲಿನ ಹೆಂಗಸರೆಲ್ಲ ಗೊಳ್ಳೆಂದರು. ಮರ್ಯಾದೆ ಉಳಿಸಿಕೊಳ್ಳಲು ನಾನೂ ನಕ್ಕೆ. ಜೆಸಿಂತಾ ನಗಲಿಲ್ಲ.

"ನಮ್ಮತ್ತಿ ಖರೇನss ಕೇಳಾಕತ್ತಾರ್ರಿ. ಬ್ಯಾರಿದು ಬೇಕಂತ ಕೇಳಿದ್ರು ಅಂತ ಮ್ಯಾಲಿನವ್ರಿಗಿ ಹೇಳ್ರಿ."

"ಹೇಳ್ತೀನವ್ವಾ. ಸದ್ಯಕ್ಕ ಇದೊಂದss ಅದ."

ಉತ್ತರ ಇಲ್ಲವೆಂದು ಗೊತ್ತಿದ್ದೂ ಕೇಳುವ ಪ್ರಶ್ನೆಗೆ ತೂಕವಿರುತ್ತದೆ. ಕೇಳಿದ ಮೇಲೆ ಎದೆ ಹಗುರಾಗುತ್ತದೆ. ಜೆಸಿಂತಾ ಮಗುವಿನ ಕೈಬಳೆಯನ್ನು ಎರಡು ಸುತ್ತು ತಿರುಗಿಸಿದಳು. ಆಮೇಲೆ ಅಂಗಿಯ ತೋಳನ್ನು ತಾನೇ ಮೇಲೆ ಸರಿಸಿದಳು.

ಸಂಜೆ ಪಕ್ಕದ ಮನೆಯ ಭೀಮವ್ವ ಕಟ್ಟೆಗೆ ಬಂದಳು. ಅವಳ ಮಗಳು ಮೂರು ತಿಂಗಳ ಬಸುರಿ, ತವರಿನಲ್ಲಿದ್ದಾಳೆ. ಮಗುವಿನ ತೋಳಿನ ಕೆಂಪು ಚುಕ್ಕೆ ನೋಡಿದ ಭೀಮವ್ವ, ಮೊರದಲ್ಲಿನ ತೊಗರಿಬೇಳೆಯಿಂದ ಕಣ್ಣೆತ್ತದೆ ಅಂದಳು:

"ಸೂಜಿ ಆತಲ್ಲ, ಚಲೋ ಆತು ಬಿಡ್ರಿ. ಈ ರುಬೆಲ್ಲಾ ಬ್ಯಾನಿ ಬಸುರಿಗಿ ಅಂಟಿದ್ರ ಹೊಟ್ಟ್ಯಾಗಿನ ಕೂಸಿಗಿ ಪೆಟ್ಟಂತ. ಅದಕ್ಕss ನಮ್ಮಾಕಿನ್ನ ನಿಮ್ಮನಿ ಕಡೀಗಿ ಬಿಟ್ಟಿದ್ದಿಲ್ಲ ನಾ. ಇನ್ನೊಂದು ಹದಿನೈದು ದಿನ ಹೋಗ್ಲಿ, ಬಂದು ಎತ್ತಿ ಆಡಿಸ್ತಾಳ."