ಅಣ್ಣ ತಪ್ಪೊಪ್ಪಿಕೊಂಡದ್ದು

ಕುರನೂರಿನ ನಮ್ಮ ಹೊಲದ ಮಗ್ಗುಲಲ್ಲಿ ಕಾಲುವೆ ನೀರಿಗಾಗಿ ಹೊಡೆದಾಟವಾಗಿ ಒಬ್ಬನ ತಲೆ ಒಡೆದ ಮಧ್ಯಾಹ್ನ, ನನ್ನ ಅಣ್ಣ ಸೊಲ್ಲಾಪುರದ ನನ್ನ ಮನೆಯಲ್ಲಿ ಊಟಕ್ಕೆ ಕುಳಿತಿದ್ದ. ಮಕ್ಕಳಿಗೆಂದು ಹೊಲದ ಎಳೆ ಜೋಳದ ತೆನೆ ಸುಟ್ಟ ಸೀತನಿ ತಂದಿದ್ದ. ಸಂಜೆ ಅಕ್ಕಲಕೋಟೆಯಲ್ಲಿ ಬಸ್ಸಿನಿಂದ ಇಳಿದವನನ್ನು ಪೊಲೀಸರು ಅಲ್ಲಿಂದಲೇ ಕರೆದೊಯ್ದರು. ಹೊಡೆದವನು ಚಿಕ್ಕಪ್ಪನ ಮಗ. ಅವನು ಅಷ್ಟರಲ್ಲಿ ಊರು ಬಿಟ್ಟಿದ್ದ. ಪೆಟ್ಟು ತಿಂದವನ ಕಡೆಯವರು ಫಿರ್ಯಾದಿನಲ್ಲಿ ನಮ್ಮ ಮನೆತನದ ಗಂಡಸರ ಹೆಸರನ್ನೆಲ್ಲ ಬರೆಸಿದ್ದರು. ಅಪ್ಪನನ್ನು ವಯಸ್ಸು ನೋಡಿ ಬಿಟ್ಟರು, ಅಣ್ಣನನ್ನು ಬಿಡಲಿಲ್ಲ. ಬಸ್ಸಿನಲ್ಲಿ ಕಂಡಕ್ಟರ್ ಚಿಲ್ಲರೆ ಕೊಡದಿದ್ದರೂ ಕೇಳದವನು ಅವನು. ಅವನ ಮೇಲೆ ಕೊಲೆಯತ್ನದ ಕೇಸಾಯಿತು.

ಕೋರ್ಟಿನವರೇ ಪುಕ್ಕಟೆ ವಕೀಲರನ್ನು ಕೊಡುತ್ತಾರಂತೆ ಎಂದು ನಾನು ಅಪ್ಪನಿಗೆ ಹೇಳಿದೆ.

"ಫುಕಟ್ ಬಂದಾಂವ ಯಾರ ಸಲುವಾಗಿ ಬಡದಾಡ್ತಾನವಾ?" ಎಂದರು ಅಪ್ಪ. ಸೊಲ್ಲಾಪುರದಲ್ಲಿ ಎಲ್ಲರಿಗಿಂತ ದೊಡ್ಡವರೆನಿಸಿಕೊಂಡ ವಕೀಲರನ್ನೇ ಹಿಡಿದರು.

ಅಣ್ಣ ಆ ದಿನ ನನ್ನ ಮನೆಯಲ್ಲಿದ್ದನೆಂದು ನಾನು ವಕೀಲರಿಗೆ ಹೇಳಿದೆ. ಅವರು ಸಮಾಧಾನದಿಂದಲೇ ಕೇಳಿಸಿಕೊಂಡರು.

"ತಂಗಿ ಹೇಳಿದ್ದು ಕೋರ್ಟಿನಾಗ ನಿಲ್ಲಂಗಿಲ್ಲರಿ. ಅಂವಾ ಎಲ್ಲಿದ್ದ ಅಂತ ತೋರಸಾಕ ಫೋನಿನ ಟವರ್ ದಾಖಲೆ ತರಸಬೇಕು."

"ತರಸ್ರಿ ಸಾಹೇಬ್ರ," ಎಂದರು ಅಪ್ಪ.

"ಅದರ ಅರ್ಜಿ ಬ್ಯಾರೆ. ಫೀನೂ ಬ್ಯಾರೆ ಆಗ್ತದ."

ಜಾಮೀನಿಗೆ ಒಂದು ಫೀ ಕೊಟ್ಟೆವು. ಜಾಮೀನು ಸಿಗಲಿಲ್ಲ. ಹೈಕೋರ್ಟಿಗೆಂದು ಮುಂಬೈಯಲ್ಲಿ ಇನ್ನೊಬ್ಬ ವಕೀಲರು, ಅವರ ಫೀ ಇನ್ನೂ ದೊಡ್ಡದು. ಅಲ್ಲಿಯೂ ಆಗಲಿಲ್ಲ. ಪ್ರತಿ ತಾರೀಖಿಗೆ ಸೊಲ್ಲಾಪುರದ ಸಾಹೇಬರ ಕೈಕೆಳಗಿನ ವಕೀಲ ಹುಡುಗಿ ಬಂದು ಮುಂದಿನ ತಾರೀಖು ಕೇಳಿ ಹೋಗುತ್ತಿದ್ದಳು, ಅದಕ್ಕೂ ಕೊಡಬೇಕಿತ್ತು. ಅತ್ತಿಗೆಯ ಬಂಗಾರ ಹೋಯಿತು, ಅವ್ವನ ಕೈಯಲ್ಲಿದ್ದ ಪಾಟ್ಲಿ ಬಳೆ ಹೋಯಿತು, ಬಾವಿಯಿದ್ದ ಹೊಲವೂ ಹೋಯಿತು. ನನ್ನ ಯಜಮಾನರು ಮೊದಮೊದಲು ಕೇಳದೆಯೇ ಕೊಡುತ್ತಿದ್ದರು. ಆಮೇಲೆ ನಾನು ಅವರ ಅಂಗಡಿಯ ಮೆಟ್ಟಿಲು ಹತ್ತಿದ್ದು ಕಂಡರೆ ಗಿರಾಕಿಯ ಜೊತೆ ಮಾತು ಬೆಳೆಸತೊಡಗಿದರು. ಅವರನ್ನು ಬೈಯಲು ನನಗೆ ಬಾಯಿ ಬರಲಿಲ್ಲ.

ಪೂರ್ತಿ ಫೀ ಮುಟ್ಟುವವರೆಗೆ ಟವರ್ ದಾಖಲೆಯ ಅರ್ಜಿ ಕೋರ್ಟಿಗೆ ಹೋಗಲೇ ಇಲ್ಲ. ಹೋದಾಗ, ಅಷ್ಟು ಹಳೆಯ ದಾಖಲೆ ಈಗ ತಮ್ಮಲ್ಲಿಲ್ಲ ಎಂದು ಫೋನ್ ಕಂಪನಿಯವರು ಬರೆದು ಕಳಿಸಿದರು.

ಅದನ್ನು ಹೇಳಲು ಜೈಲಿಗೆ ಹೋದೆ. ಗಾಜಿನ ಆಚೆ ಅಣ್ಣ ಫೋನು ಹಿಡಿದು ಕುಳಿತಿದ್ದ. ಎಲ್ಲ ಕೇಳಿ, "ಅವ್ವನ ಪಾಟ್ಲಿನೂ ಮಾರಿದ್ರಂತ?" ಎಂದ. ನಾನು ಹೂಂ ಅಂದೆ.

"ಮುಂದಿನ ತಾರೀಖಿಗೆ ಗುನ್ಹಾ ಕಬೂಲ್ ಮಾಡ್ತೀನಿ."

"ಮಾಡಲಾರದ್ದು ಏನ್ ಕಬೂಲ್ ಮಾಡ್ತೀ ಅಣ್ಣಾ? ನಮ್ಮ ಮನ್ಯಾಗ ಕುಂತು ಉಂಡೀದಿ. ನಾ ಬಂದು ಜಡ್ಜರ ಮುಂದ ಹೇಳ್ತೀನಿ."

"ನಿನ್ನ ಪಾಳಿ ಬರೂತನಕ ಎಷ್ಟು ತಾರೀಖ ಆಗ್ತಾವ? ಅಷ್ಟಕ್ಕೂ ವಕೀಲಗ ಕೊಡಬೇಕು. ಖರೇ ಹೇಳಾಕೂ ರೊಕ್ಕ ಬೇಕವಾ. ಇದ್ದ ಹೊಲಾನರ ಉಳೀಲಿ. ನನ್ನ ಮಗಳು ಉಣ್ಣಬೇಕಲ್ಲ."

ನಾನು ಗಾಜಿಗೆ ಕೈ ಬಡಿದು ಅತ್ತೆ. ಅವನು ಫೋನು ಇಟ್ಟುಬಿಟ್ಟ.

ಕೋರ್ಟಿನಲ್ಲಿ ಅಣ್ಣ ಒಪ್ಪಿಕೊಂಡಾಗ ಜಡ್ಜರು ಮರಾಠಿಯಲ್ಲಿ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ ಎಂದು ಕೇಳಿದರು. "ನಾಹೀ ಸಾಹೇಬ," ಎಂದ. ವಿಚಾರ ಮಾಡು ಎಂದು ಮುಂದಿನ ತಾರೀಖಿನವರೆಗೆ ಸಮಯ ಕೊಟ್ಟರು. ಆಗಲೂ ಅದನ್ನೇ ಹೇಳಿದ. ಹಿಂದಿನ ಬೆಂಚಿನಿಂದ ನಾನು ಎದ್ದು ನಿಂತೆ. ಮಹಿಳಾ ಪೊಲೀಸು ತೋಳು ಹಿಡಿದು ಕೂರಿಸಿದಳು. ದೊಡ್ಡ ವಕೀಲರು ಆ ದಿನವೂ ಬಂದಿರಲಿಲ್ಲ.

ಶಿಕ್ಷೆ ಮುಗಿಸಿ ಅಣ್ಣ ಬರುವಷ್ಟರಲ್ಲಿ ಅಪ್ಪ ಇರಲಿಲ್ಲ. ಚಿಕ್ಕಪ್ಪನ ಮಗ ಪುಣೆಯಿಂದ ಮರಳಿ ಬಂದ. ಒಪ್ಪಿಕೊಂಡವನೊಬ್ಬನಿದ್ದ ಮೇಲೆ ಇವನ ವಿರುದ್ಧ ಸಾಕ್ಷಿ ಹೇಳಲು ಯಾರೂ ಮುಂದೆ ಬರಲಿಲ್ಲ, ಕೇಸು ಬಿದ್ದುಹೋಯಿತು. ಈಗ ಮೈಂದರ್ಗಿಯ ಸಂತೆಯಲ್ಲಿ ಅಣ್ಣ ಎದುರಾದರೆ ಬೇರೆ ದಾರಿ ಹಿಡಿಯುತ್ತಾನಂತೆ.

ಹೋದ ಸಲ ನಾನು ತವರಿಗೆ ಹೋದಾಗ ಅಣ್ಣನ ಮಗಳು ನನ್ನೆದುರಿಗೇ ಕೇಳಿದಳು: "ಅಪ್ಪಾ, ನೀ ಆ ಮನಶಾನ ತಲಿ ಯಾಕ ಒಡದಿ?"

"ಇಲ್ಲವಾ, ಆವತ್ತ ನಿಮ್ಮಪ್ಪ..." ಎಂದು ನಾನು ಶುರು ಮಾಡಿದೆ.

"ಬಿಡವಾ," ಎಂದ ಅಣ್ಣ. "ಕೋರ್ಟಿನಾಗ ನಾನ ಹೇಳೀನಿ. ಈಗ ಅಲ್ಲಂದ್ರ ಯಾರು ನಂಬ್ತಾರ?"

ಹುಡುಗಿ ಇಬ್ಬರ ಮುಖವನ್ನೂ ನೋಡಿ, ಎದ್ದು ಒಳಗೆ ಹೋದಳು.