ಕುದುರೆಗೆ ಇಟ್ಟ ಹೆಸರು

ಅಫಜಲಪುರದಲ್ಲಿ ಎಲ್ಲರಿಗಿಂತ ಹೆಚ್ಚು ಹೆಣ ಉರುಳಿಸಿದವಳು ನಮ್ಮ ಪಕ್ಕದ ಮನೆಯ ಸಪ್ನಾ. ರೊಟ್ಟಿ ಬಡಿದು, ಮುಸುರೆ ತೊಳೆದು, ಕೈಗಂಟಿದ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡು ಮಧ್ಯಾಹ್ನ ಟೀವಿ ಮುಂದೆ ಕೂತಳೆಂದರೆ ಜಪಾನಿನ ಕಳ್ಳರಿಗೆ ಉಳಿಗಾಲ ಇರುತ್ತಿರಲಿಲ್ಲ. ನಾನು ಮಸರತ, ಗೋಡೆಯಾಚೆಯ ದರ್ಜಿ. ಅವಳ ಅತ್ತೆಯ ಜಂಪರು ಹೊಲಿಯುವವಳೂ ನಾನೇ, ಅವಳ ಯುದ್ಧ ನೋಡುತ್ತ ಶೇಂಗಾ ತಿಂದವಳೂ ನಾನೇ. ಹಾಗಾಗಿ ಅವಳ ಕಥೆಯನ್ನು ನಾನು ಹೇಳಬೇಕು. ಊರವರು ಹೇಳುವುದರಲ್ಲಿ ಅರ್ಧ ಸುಳ್ಳಿದೆ, ಉಳಿದರ್ಧದಲ್ಲಿ ಹೊಟ್ಟೆಕಿಚ್ಚಿದೆ.

ಸಪ್ನಾ ಜಿಡಗಾದವಳು, ಬಾಯಿ ಚುರುಕಾದ ಹುಡುಗಿ. ಗಂಡನ ಹೆಸರು ಸೇರಿಸಿ ಪ್ರಾಸದಲ್ಲಿ ಹೇಳುವ ಒಡಪು ಕಟ್ಟುವುದರಲ್ಲಿ ಅವಳ ಸರಿಸಮ ಯಾರೂ ಇರಲಿಲ್ಲ. ಮದುವೆ ಗೊತ್ತಾದ ಗೆಳತಿಯರು ಅವಳ ಹತ್ತಿರ ಬಂದು ಒಡಪು ಬಾಯಿಪಾಠ ಮಾಡಿಕೊಂಡು ಹೋಗುತ್ತಿದ್ದರಂತೆ. ನಮ್ಮ ಕಡೆ ಹೊಸ ಸೊಸೆ ಬಂದಾಗ ಹೆಂಗಸರೆಲ್ಲ ಬಾಗಿಲಿಗೆ ಅಡ್ಡ ನಿಲ್ಲುತ್ತಾರೆ. ಗಂಡನ ಹೆಸರನ್ನು ಒಡಪಿನಲ್ಲಿ ಸೇರಿಸಿ ಹೇಳಿದರೆ ಒಳಗೆ, ಇಲ್ಲದಿದ್ದರೆ ಹೊಸ್ತಿಲ ಹೊರಗೆ. ನಾನೂ ಅವತ್ತು ಅಡ್ಡ ನಿಂತವರಲ್ಲಿ ಒಬ್ಬಳು. ಎಲ್ಲ ಸೊಸೆಯರು ನೆಲ ನೋಡುತ್ತ ಗುಣುಗುಣು ಅನ್ನುತ್ತಾರೆ. ಇವಳು ತಲೆಯೆತ್ತಿ ಗಟ್ಟಿಯಾಗಿ ಹೇಳಿದಳು:

"ಜಿಡಗಾದ ಹೊಲದಾಗ ಜ್ವಾಳದ ತೆನಿ ಬಾಗ್ಯಾವ,
ಕಲ್ಲಿನಾಥರು ಕೈ ಹಿಡದಾಗ ನನ್ನ ಚಿಂತಿ ನೀಗ್ಯಾವ."

ಹೆಂಗಸರು ಹೋ ಎಂದು ದಾರಿ ಬಿಟ್ಟರು. ಅತ್ತೆ ಹೀರಾಬಾಯಿ ಮಾತ್ರ ಒಳಗೆ ಕರೆದುಕೊಂಡು ಹೋಗುತ್ತಲೇ ಅಂದಳು: "ಇವತ್ತೊಂದಿನ ಆತು. ಇನ್ನ ಮ್ಯಾಲ ನನ್ನ ಮಗನ ಹೆಸರು ನಿನ್ನ ಬಾಯಾಗ ಬರಬಾರದು ಬೇ. ಗಂಡನ ಹೆಸರು ಹಿಡದ್ರ ಅವನ ಆಯುಷ್ಯ ಕಮ್ಮಿ ಆಗ್ತದ." ಅಂದಿನಿಂದ ಕಲ್ಲಿನಾಥ ಅವಳ ಬಾಯಲ್ಲಿ ಬರೀ "ಇವರು" ಆದ.

ಈ "ಇವರು" ತೊಗರಿ ವ್ಯಾಪಾರಿ ಶಾಂತಲಿಂಗಪ್ಪನವರ ಒಬ್ಬನೇ ಮಗ. ಅಪ್ಪನ ಅಂಗಡಿಯಲ್ಲಿ ಫ್ಯಾನಿನ ಕೆಳಗೆ ಕೂರುವುದು ಅವನ ಉದ್ಯೋಗ. ವಿಡಿಯೋ ಗೇಮ್ ಆಡುವ ಡಬ್ಬಿಯೊಂದನ್ನು ತರಿಸಿ ದೊಡ್ಡ ಟೀವಿಗೆ ಜೋಡಿಸಿದ್ದ. ಅದರಲ್ಲಿ ಒಂದು ಸಮುರಾಯ್ ಆಟ. ಸಮುರಾಯ್ ಅಂದರೆ ಜಪಾನಿನ ಹಳೇ ಕಾಲದ ಕತ್ತಿವೀರ. ಇಡೀ ಒಂದು ದ್ವೀಪವನ್ನೇ ನಿಮ್ಮ ಕೈಗೆ ಕೊಡುತ್ತಾರೆ. ಕುದುರೆ ಹತ್ತಿ ಎಲ್ಲಿಗಾದರೂ ಹೋಗಿ, ಯಾರನ್ನಾದರೂ ಕಡಿಯಿರಿ. ಕಲ್ಲಿನಾಥ ಭಾನುವಾರ ಮಧ್ಯಾಹ್ನ "ಅಫಜಲಪುರದ ಸಮುರಾಯ್" ಅಂತ ಹೆಸರಿಟ್ಟುಕೊಂಡು ಆಡುವುದನ್ನು ಯೂಟ್ಯೂಬಿನಲ್ಲಿ ಲೈವ್ ತೋರಿಸುತ್ತಿದ್ದ. ಗೆಳೆಯ ಸಂಜುಕುಮಾರ ಪಕ್ಕದಲ್ಲಿ ಲ್ಯಾಪ್‌ಟಾಪ್ ಹಿಡಿದು, ನೋಡುವವರು ಬರೆದದ್ದನ್ನು ಓದಿ ಹೇಳುತ್ತಿದ್ದ. ಬರೆದದ್ದೆಲ್ಲ ಬೈಗುಳವೇ. ಯಾಕೆಂದರೆ ಆಟದಲ್ಲಿ ಒಂದು ಮರದ ಸೇತುವೆ ಇತ್ತು, ಅದರ ಮೇಲೆ ಒಬ್ಬ ಭರ್ಜಿಯವನು ನಿಂತಿರುತ್ತಿದ್ದ. ಅವನ ಕೈಯಲ್ಲಿ ಕಲ್ಲಿನಾಥ ಪ್ರತಿ ವಾರವೂ ಸಾಯುತ್ತಿದ್ದ. ಕುಣಿಯಲಾರದವಳು ನೆಲ ಡೊಂಕು ಅಂದಳಂತೆ. ಇವನು ರಿಮೋಟಿನ ಗುಂಡಿ ಹಾಳಾಗಿದೆ ಅನ್ನುತ್ತಿದ್ದ.

ಸಪ್ನಾ ಚಹಾ ತಂದಿಟ್ಟು, ಕಪ್ಪು ಖಾಲಿಯಾಗುವ ತನಕ ಗೋಡೆಗೆ ಒರಗಿ ನಿಂತಿರುತ್ತಿದ್ದಳು. ನಿಂತೇ ಕಲಿತಳು. ಒಂದು ಮಧ್ಯಾಹ್ನ, ಗಂಡ ಅಂಗಡಿಯಲ್ಲಿದ್ದಾಗ, ಅತ್ತೆ ಗೊರಕೆ ಹೊಡೆಯುತ್ತಿದ್ದಾಗ, ಗಂಡನ ಆಟದ ಪಕ್ಕದಲ್ಲಿ ತನ್ನದೊಂದು ಹೊಸ ಆಟ ಶುರು ಮಾಡಿದಳು. ಆಟ ಅವಳಿಗೆ ಕಂದು ಬಣ್ಣದ ಕುದುರೆ ಕೊಟ್ಟಿತು. ಹೆಸರಿಡು ಅಂದಿತು. ಹೆಸರಿಡದೆ ಮುಂದೆ ಬಿಡುವುದಿಲ್ಲ, ಬಾಗಿಲು ಮುಚ್ಚಿಯೇ ಇರುತ್ತದೆ. ಜೀವನದಲ್ಲಿ ಒಂದೇ ಸಲ ಅವಳನ್ನು ಬಾಗಿಲಲ್ಲಿ ತಡೆದು ಹೆಸರು ಕೇಳಿದ್ದರು. ಆಗ ಹೇಳಿದ್ದನ್ನೇ ಈಗಲೂ ಒಂದೊಂದೇ ಅಕ್ಷರ ಒತ್ತಿ ಬರೆದಳು: ಕಲ್ಲಿನಾಥ. ಬಾಗಿಲು ತೆರೆಯಿತು.

"ಅರೆ ಅಲ್ಲಾ, ಗಂಡನ್ನ ಕುದುರಿ ಮಾಡಿದೆಲ್ಲ ಬೇ!" ಅಂದೆ ನಾನು, ನಕ್ಕು ನಕ್ಕು ಹೊಟ್ಟೆ ಹಿಡಿದುಕೊಂಡು.

ಅವಳಿಗೆ ನಗು ಬರಲಿಲ್ಲ. "ಹೆಸರು ಕೇಳ್ತು ಮಸರತಕ್ಕಾ. ನನಗ ಬ್ಯಾರೆ ಹೊಳೀಲೇ ಇಲ್ಲ," ಅಂದಳು. ಆಮೇಲೆ ಬದಲಾಯಿಸಲು ಆಟ ಬಿಡಲಿಲ್ಲ.

ನಿಜ ಹೇಳುತ್ತೇನೆ, ಆ ಕುದುರೆಯನ್ನು ಅವಳು ಪ್ರೀತಿಸಿದಳು. ತನ್ನ ಆಟದಲ್ಲಿ ಕಡಿಯುವುದಕ್ಕಿಂತ ತಿರುಗುವುದೇ ಹೆಚ್ಚು. ಜಿಡಗಾ, ಅಫಜಲಪುರ, ನಡುವೆ ಚೌಡಾಪುರದಲ್ಲಿ ಬಸ್ಸು ನಿಂತಾಗ ಕಿಟಕಿಯಿಂದ ಕಂಡಷ್ಟು, ಇದು ಬಿಟ್ಟು ಬೇರೆ ನೆಲ ಅವಳು ಕಂಡಿರಲಿಲ್ಲ. ಆ ಮನೆಯಲ್ಲಿ ಸೊಸೆ ಬಾಗಿಲಾಚೆ ಹೋಗಬೇಕಾದರೆ ಅತ್ತೆಯ ಅಪ್ಪಣೆ ಬೇಕು. ಇಲ್ಲಿ ಯಾರ ಅಪ್ಪಣೆ? ಹುಲ್ಲುಗಾವಲು ದಾಟಿ ಸಮುದ್ರದ ದಂಡೆಗೆ ಹೋಗಿ, ಇಳಿದು, ಕುದುರೆಯನ್ನು ಮೇಯಲು ಬಿಟ್ಟು ಸುಮ್ಮನೆ ಕೂರುತ್ತಿದ್ದಳು. "ನಡಿ ಕಲ್ಲಿನಾಥ, ಹೊತ್ತಾತು" ಅಂತ ಮೆಲ್ಲಗೆ ಕರೆಯುತ್ತಿದ್ದಳು. ಮನೆಯ ಕಲ್ಲಿನಾಥನಿಗೆ ಸಿಗದ ದನಿ ಅದು. ಅವನು ಆ ದನಿಯನ್ನು ಗಳಿಸಿಯೂ ಇರಲಿಲ್ಲ, ಬಿಡಿ.

ಒಂದು ದಿನ ಅವನು ಅಂಗಡಿಯಿಂದ ಬೇಗ ಬಂದ. ಹೆಂಡತಿ ಸೇತುವೆಯ ಮೇಲಿನ ಭರ್ಜಿಯವನನ್ನು ಮೂರೇ ಏಟಿಗೆ ಕೆಡವುವುದನ್ನು ಬಾಗಿಲಲ್ಲಿ ನಿಂತು ನೋಡಿದ. ಹೊಡೆಯುತ್ತಾನೆ ಅಂದುಕೊಂಡೆ. ಹೊಡೆಯಲಿಲ್ಲ, ಲೆಕ್ಕ ಹಾಕಿದ. ವ್ಯಾಪಾರಿಯ ಮಗ ಅಲ್ಲವೇ. ಮುಂದಿನ ಭಾನುವಾರದಿಂದ ಹೊಸ ವ್ಯವಸ್ಥೆ. ಕಲ್ಲಿನಾಥ ಸೋಫಾದ ಮೇಲೆ ಕ್ಯಾಮೆರಾದ ಮುಂದೆ, ಕೈಯಲ್ಲಿ ಸೆಲ್ಲಿಲ್ಲದ ರಿಮೋಟು. ಸಪ್ನಾ ಅವನ ಕಾಲ ಬಳಿ ನೆಲದ ಮೇಲೆ, ಕ್ಯಾಮೆರಾಗೆ ಕಾಣದ ಹಾಗೆ, ಕೈಯಲ್ಲಿ ನಿಜವಾದ ರಿಮೋಟು. ಅವಳು ಕಡಿಯುವುದು, ಅವನು ಹಲ್ಲು ಕಚ್ಚಿ "ಹೊಡೀ ಮಗನ!" ಅನ್ನುವುದು. ಬೈಯುತ್ತಿದ್ದವರು "ಅಣ್ಣಾ ಹುಲಿ" ಅನ್ನತೊಡಗಿದರು. ಸಂತೆಯಲ್ಲಿ ಹುಡುಗರು ಅವನ ಜೊತೆ ನಿಂತು ಫೋಟೋ ತೆಗೆಸಿಕೊಂಡರು. ಅವಳಿಗೆ ಸಿಕ್ಕ ಕೂಲಿ ಒಂದೇ: ಮಧ್ಯಾಹ್ನ ತನ್ನ ಆಟ, ತನ್ನ ಕುದುರೆ. ಅದು ಸಾಕು ಅಂದಳು. ನನಗೆ ಮೈಯೆಲ್ಲ ಉರಿಯಿತು, ಆದರೆ ಅವಳಿಗೆ ಅದು ನಿಜವಾಗಿಯೂ ಸಾಕಾಗಿತ್ತು.

ಒಂದು ಭಾನುವಾರ ಮಗನ ಕೀರ್ತಿ ನೋಡಲೆಂದು ಶಾಂತಲಿಂಗಪ್ಪನವರು ತಮ್ಮ ವ್ಯಾಪಾರದ ಪಾಲುದಾರ ದೌಲತರಾಯರನ್ನು ಊಟಕ್ಕೆ ಕರೆದಿದ್ದರು. ಪಡಸಾಲೆ ತುಂಬ ಜನ, ಎಲ್ಲರೂ ಸೋಫಾದ ಹಿಂದೆ. ನಾನು ಜಂಪರು ಕೊಡಲು ಹೋದವಳು ಹೀರಾಬಾಯಿಯ ಪಕ್ಕ ಕೂತೆ. ಸಪ್ನಾ ಒಳಗೆ ಭಜಿ ಕರಿಯುತ್ತಿದ್ದಳು. ಹೊತ್ತಾಯಿತೆಂದು ಸಂಜುಕುಮಾರ ತಾನೇ ಆಟ ತೆರೆದ, ಎರಡರಲ್ಲಿ ತಪ್ಪಾದದ್ದನ್ನು ತೆರೆದ. ಅವಳು ಕೈ ಒರೆಸಿಕೊಂಡು ಬಂದು ಸೋಫಾದ ಕೆಳಗೆ ಕೂರುವಷ್ಟರಲ್ಲಿ ಲೈವ್ ಶುರುವಾಗಿತ್ತು. ಟೀವಿಯಲ್ಲಿ ಇದ್ದದ್ದು ಅವಳ ಸಮುದ್ರದ ದಂಡೆ. ಮೈಕ್ ಕಿವಿ ತೆರೆದು ಕೂತಿತ್ತು, ಮಾತಾಡುವಂತಿಲ್ಲ.

ಜಾಣೆ ಅವಳು, ಕುದುರೆಯನ್ನು ಕರೆಯಲಿಲ್ಲ. ಕಾಲ್ನಡಿಗೆಯಲ್ಲೇ ಕಾಡಿನ ಕಡೆ ಹೊರಟಳು. ಆದರೆ ಕಳ್ಳರು ಮುತ್ತಿದರು. ಆ ಆಟದಲ್ಲಿ ಒಡೆಯನಿಗೆ ಅಪಾಯ ಬಂದರೆ ಕುದುರೆ ಕರೆಯದೆಯೇ ಓಡಿ ಬರುತ್ತದೆ. ಓಡಿ ಬಂತು. ಬಂದ ಕೂಡಲೇ ಅದರ ನೆತ್ತಿಯ ಮೇಲೆ ಹೆಸರು ಮೂಡಿತು.

ಸಂಜುಕುಮಾರ ಯೋಚಿಸದೆ ಓದಿಬಿಟ್ಟ: "ಅಣ್ಣಾ, ಕುದುರಿಗಿ ನಿಮ್ಮ ಹೆಸರು ಯಾಕದ ಅಂತ ಕೇಳಾಕತ್ತಾರ. ನೀವು ಕುದುರಿ ಆದ್ರ ಮ್ಯಾಲ ಕೂತಾಕಿ ಯಾರು ಅಂತ."

ದೌಲತರಾಯರ ಬಾಯಿಂದ ಭಜಿಯ ಸಮೇತ ನಗು ಹೊರಬಂತು. ಕಲ್ಲಿನಾಥ ಧಡಕ್ಕನೆ ಎದ್ದು ನಿಂತ. ಕೈಯಲ್ಲಿದ್ದ ರಿಮೋಟು ಕೆಳಗೆ ಬಿತ್ತು. ಬರಿಗೈಲಿ ನಿಂತವನ ಎದುರಿಗೆ ಟೀವಿಯಲ್ಲಿ ಸಮುರಾಯ್ ಇನ್ನೂ ಕಳ್ಳರನ್ನು ಕಡಿಯುತ್ತಲೇ ಇದ್ದ. ಲೈವ್ ನೋಡುತ್ತಿದ್ದವರೆಲ್ಲ ಅದನ್ನು ನೋಡಿದರು. ಬಂದ ನಗುವನ್ನು ಓದಿ ಹೇಳಲು ಸಂಜುಕುಮಾರನಿಂದ ಆಗಲಿಲ್ಲ.

ಅಲ್ಲಿಗೆ ಆಟ ಮುಚ್ಚಿದ್ದರೆ ಒಂದು ವಾರದ ನಗೆಪಾಟಲು, ಮುಗಿದುಹೋಗುತ್ತಿತ್ತು. ಸೊಕ್ಕು ಬಿಡಬೇಕಲ್ಲ. ಕಲ್ಲಿನಾಥ ಸಪ್ನಾಳ ರಟ್ಟೆ ಹಿಡಿದೆಳೆದು ಕ್ಯಾಮೆರಾದ ಮುಂದೆ ಕೂರಿಸಿದ. "ನಮ್ಮ ಮನಿಯಾಕಿರಿ. ಸ್ವಲ್ಪ ಕಲಿಸೇನಿ, ತಲಿ ಮ್ಯಾಲ ಕೂತಾಳ," ಅಂದು ಅವಳ ಕಡೆ ತಿರುಗಿದ. "ಗುಡ್ಡದ ಮ್ಯಾಲಿಂದ ಕೆಡವು ಆ ಕುದುರಿ. ಎಲ್ಲಾರ ಮುಂದ. ಕೊಂದ್ರ ನಿನ್ನ ಆಟ ಉಳೀತದ. ಇಲ್ಲಂದ್ರ ಈಗಿಂದೀಗ ಪೂರಾ ಅಳಸ್ತೇನಿ."

ಆ ಆಟದಲ್ಲಿ ಸತ್ತ ಕುದುರೆ ಮತ್ತೆ ಬರುವುದಿಲ್ಲ. ಅದು ಅವನಿಗೂ ಗೊತ್ತಿತ್ತು.

"ಬ್ಯಾಡ್ರಿ," ಅಂದಳು ಸಪ್ನಾ. "ಅದೇನ ಮಾಡ್ಯಾದ? ನನ್ನ ಬೈರಿ, ಬೇಕಾದ್ರ ಹೊಡೀರಿ."

ಆಗ ಹೀರಾಬಾಯಿ ಕಿರುಚಿದಳು. ಸೊಸೆಗಾಗಿ ಅಂದುಕೊಂಡಿರಾ? "ಲೇ ಕಲ್ಲ್ಯಾ, ಅದಕ್ಕ ನಿನ್ನ ಹೆಸರದ! ಹೆಂಡ್ತಿ ಕೈಲಿ ನಿನ್ನ ಹೆಸರು ಕೊಲ್ಲಸ್ತೀಯೇನೋ? ಮೊದಲ ಹೆಸರು ತೆಗಿಸೋ!"

"ಸುಮ್ಮ ಕೂಡ ಅವ್ವಾ," ಅಂದ ಮಗ. ಹೆಂಡತಿಗೆ, "ಕೊಲ್ಲು ಬೇ."

ಸಪ್ನಾ ಕುದುರೆ ಹತ್ತಿದಳು. ಹುಲ್ಲಿನ ನಡುವೆ ನಿಧಾನ ನಡೆಸಿಕೊಂಡು ಹೋದಳು. ಅದು ನಡುವೆ ನಿಂತು ಒಂದು ಬಾಯಿ ಮೇಯ್ದಿತು, ಅವಳು ಮೇಯಲು ಬಿಟ್ಟಳು. ಗುಡ್ಡದ ಅಂಚು ಹತ್ತಿರ ಬಂದಾಗ ತಲೆಯೆತ್ತಿದಳು, ಮದುವೆಯ ದಿನ ಹೊಸ್ತಿಲಲ್ಲಿ ಎತ್ತಿದ ಹಾಗೆಯೇ. ಮಾವ, ದೌಲತರಾಯ, ಮೈಕ್, ಎಲ್ಲರ ಮುಂದೆ ಗಟ್ಟಿಯಾಗಿ ಹೇಳಿದಳು:

"ಗುಡ್ಡದ ತುದಿಯಾಗ ಹಸರ ಹುಲ್ಲು ಬೆಳದಾದ,
ಕಲ್ಲಿನಾಥರ ಮಾತಿಗಿ ಕಲ್ಲಿನಾಥನ ಜೀವ ಕಳದಾದ."

ಕುದುರೆಯನ್ನು ಓಡಿಸಿ, ಅಂಚಿನಲ್ಲಿ ತಾನು ಮಾತ್ರ ಜಿಗಿದು ಇಳಿದಳು. ಕುದುರೆ ನಿಲ್ಲಲಿಲ್ಲ.

ಆ ಆಟ ಮಾಡಿದವರು ಬಲು ಕಟುಕರು. ಸಮುರಾಯ್ ಕೆಳಗೆ ಹೋಗಿ ಮೊಣಕಾಲೂರಿ ಕುದುರೆಯ ಕುತ್ತಿಗೆ ನೇವರಿಸುತ್ತಾನೆ, ಅದು ಉಸಿರು ಬಿಡುವ ತನಕ ನೀವು ನೋಡಲೇಬೇಕು, ಗುಂಡಿ ಒತ್ತಿ ದಾಟುವಂತಿಲ್ಲ. ಸಪ್ನಾ ನೋಡಿದಳು. ಹೀರಾಬಾಯಿ ಹೆಣದ ಮುಂದೆ ಕೂತವಳಂತೆ ಎದೆ ಬಡಿದುಕೊಂಡಳು. ಶಾಂತಲಿಂಗಪ್ಪನವರು ಎದ್ದು ಚಪ್ಪಲಿ ಹುಡುಕಿದರು.

ಆಟ ಹೊಸ ಕುದುರೆ ಕೊಟ್ಟಿತು, ಬಿಳಿಯದು. ಹೆಸರಿಡು ಅಂದಿತು. ಕಲ್ಲಿನಾಥ ರಿಮೋಟು ಕಸಿದುಕೊಂಡು "ಸಪ್ನಾ" ಅಂತ ಬರೆದ. "ಈಗ ನೋಡ್ರಿ ಮಜಾ," ಅಂದು ತಾನೇ ಹತ್ತಿ ಗುಡ್ಡದ ಕಡೆ ಓಡಿಸಿದ. ಓಟದಲ್ಲೇ ಜಿಗಿದು ಇಳಿಯುವ ವರಸೆ ಅವನಿಗೆ ತಿಳಿಯದು, ಸವಾರ ಮೇಲಿದ್ದರೆ ಕುದುರೆ ಅಂಚು ದಾಟುವುದಿಲ್ಲ. ಅಂಚಿಗೆ ಬಂದು ನಿಂತುಬಿಟ್ಟಿತು. ಹಿಂದೆ ಬಂದ, ಮತ್ತೆ ಓಡಿಸಿದ, ಮತ್ತೆ ನಿಂತಿತು. ಸಿಟ್ಟಿನಲ್ಲಿ ಎಲ್ಲ ಗುಂಡಿ ಒಟ್ಟಿಗೆ ಒತ್ತಿದ. ಸಮುರಾಯ್ ಕುದುರೆಯ ತಲೆಯ ಮೇಲಿಂದ ಹಾರಿ ಸಮುದ್ರಕ್ಕೆ ಬಿದ್ದು ಸತ್ತ. ಮೇಲೆ ಬಿಳಿ ಕುದುರೆ ನಿಂತು ಹುಲ್ಲು ಮೇಯುತ್ತಿತ್ತು. ನಾನು ನಕ್ಕೆ, ಸುಳ್ಳು ಯಾಕೆ ಹೇಳಲಿ, ಎಲ್ಲರಿಗಿಂತ ಜೋರಾಗಿ ನಕ್ಕೆ.

ಅವನು ಆಟದ ಮೊದಲ ಪರದೆಗೆ ಹೋಗಿ ಅವಳ ಆಟವನ್ನು ಪೂರ್ತಿ ಅಳಿಸಿದ. ದಂಡೆ, ಹುಲ್ಲು, ಬಿಳಿ ಕುದುರೆ, ಎಲ್ಲ. ಕೊಟ್ಟ ಮಾತನ್ನು ಅವಳು ನೆನಪಿಸಲಿಲ್ಲ. ಅಳಿಸಲು ಒಂದೇ ಗುಂಡಿಯನ್ನು ಒತ್ತಿ ಹಿಡಿಯಬೇಕು, ಅಷ್ಟೇ. ಅದೊಂದನ್ನು ಅವನು ಯಾರ ಸಹಾಯವಿಲ್ಲದೆ ಮಾಡಿದ.

ವಾರವಿಡೀ ಸಪ್ನಾ ಗೋಡೆಯ ಈಚೆ ಬರಲಿಲ್ಲ. ಹೀರಾಬಾಯಿ ಮಗನಿಗೆ ಮೆಣಸಿನಕಾಯಿ ನಿವಾಳಿಸಿ ನಿವಾಳಿಸಿ ನಮ್ಮ ಮನೆಯವರೆಗೆ ಕೆಮ್ಮು ಬಂತು. ಮೋಟರ್‌ಸೈಕಲ್ಲನ್ನು ಮುಟ್ಟಗೊಡಲಿಲ್ಲ. ಆದರೆ ಯೂಟ್ಯೂಬಿನವರಿಗೆ ರುಚಿ ಹತ್ತಿತ್ತು. "ಅಕ್ಕನ್ನ ಆಡಸ್ರಿ, ಒಡಪು ಹೇಳಸ್ರಿ" ಅಂತ ಒಂದೇ ಸಮ ಬರೆದರು. ಕೀರ್ತಿಯ ಹಸಿವಿಗೆ ಮಾನ ಯಾವ ಲೆಕ್ಕ. ಮುಂದಿನ ಭಾನುವಾರ ಕಲ್ಲಿನಾಥ ಅವಳನ್ನು ಸೋಫಾದ ಮೇಲೆಯೇ ಕೂರಿಸಿ ತಾನು ಪಕ್ಕದಲ್ಲಿ ನಿಂತ. ಹೀರಾಬಾಯಿ ಹಿಂದೆ ಕಾವಲು ಕೂತಳು. ಸದ್ದು ಕೇಳಿ ನಾನೂ ಹೋದೆ.

ಹೊಸ ಆಟ ಶುರುವಾಯಿತು. ಆಟ ಕಂದು ಕುದುರೆ ತಂದು ನಿಲ್ಲಿಸಿತು, ಅದೇ ಹಣೆ, ಅದೇ ಕಣ್ಣು. ಹೆಸರಿಡು ಅಂದಿತು. ಸಪ್ನಾ ರಿಮೋಟನ್ನು ಮಡಿಲಲ್ಲಿಟ್ಟುಕೊಂಡಳು.

"ಹೆಸರು ಹಾಕ ಬೇ, ಮಂದಿ ಕಾಯಾಕತ್ತಾರ," ಅಂದ ಅವನು.

ಮುಚ್ಚಿದ ಬಾಗಿಲ ಮುಂದೆ ಕುದುರೆ ಕಾಲು ಬದಲಿಸುತ್ತ ನಿಂತಿತ್ತು.

"ಯಾವುದರ ಒಂದು ಹಾಕು ಬೇ!"

ಆಗ ಅವಳು ಅವನ ಕಡೆ ನೋಡಿದಳು. ದನಿಯಲ್ಲಿ ಸಿಟ್ಟಿರಲಿಲ್ಲ, ಕೇಳಿದ್ದಕ್ಕೆ ಉತ್ತರ ಕೊಟ್ಟಳು ಅಷ್ಟೇ.

"ನನಗ ಒಂದ ಹೆಸರು ಗೊತ್ತಿತ್ತುರಿ," ಅಂದಳು. "ಅದು ಸತ್ತದ."