ಯಾರೂ ಕೂರದ ಬೆಂಚು

ಕಲ್ಲಿನ ಬೆಂಚೊಂದರ ಮೇಲೆ ಯಾರೂ ಕೂರುತ್ತಿಲ್ಲವೆಂಬ ಕಾರಣಕ್ಕೆ ಒಬ್ಬ ಮನುಷ್ಯನಿಗೆ ಊಟ ಸೇರದೆ ಹೋಗಬಹುದೆಂದು ಯಾರಾದರೂ ಹೇಳಿದ್ದರೆ ನಾನು ನಗುತ್ತಿದ್ದೆ. ಈಗ ಆ ಮನುಷ್ಯ ನಾನೇ ಆಗಿರುವುದರಿಂದ ನಗುವ ಕೆಲಸವನ್ನು ನಿಮಗೆ ಬಿಟ್ಟಿದ್ದೇನೆ.

ಬೆಂಚು ಇರುವುದು ಬಾಳೆಗುಳಿ ಕ್ರಾಸಿನಲ್ಲಿ, ಬಸ್ಸು ನಿಲ್ಲುವ ಕಡೆ. ಅಪ್ಪ ಅಮ್ಮನ ನೆನಪಿಗೆ ನಾನೂ ಅಕ್ಕನೂ ಸೇರಿ ಹಾಕಿಸಿದ್ದು. ಇಬ್ಬರೂ ಒಂದೇ ಮಳೆಗಾಲದಲ್ಲಿ ಹೋದರು. ಮೊದಲು ಅಮ್ಮ, ಅಂಗಳ ಆರುವ ಮೊದಲೇ ಅಪ್ಪ. ಅದಾದ ಮೇಲೆ ನನಗೆ ಯಾವುದನ್ನೂ ಬೇಗ ಹೇಳಿ ಮುಗಿಸಲು ಬರುವುದಿಲ್ಲ. ಒಂದೊಂದನ್ನೂ ಮುಟ್ಟಿ ನೋಡಿ, ಇದು ಹೀಗೇ ಇತ್ತಲ್ಲವೇ ಎಂದು ಖಾತ್ರಿ ಮಾಡಿಕೊಂಡು ಮುಂದೆ ಹೋಗುತ್ತೇನೆ. ಸ್ವಲ್ಪ ತಾಳಿಕೊಳ್ಳಿ.

ಅಪ್ಪ ಕದ್ವಾಡದವನು, ಮನೆಮಾತು ಕೊಂಕಣಿ. ಅಮ್ಮ ಸುಂಕಸಾಳದವಳು, ಅವಳದು ಕನ್ನಡ. ಮದುವೆಯಾದ ಹೊಸದರಲ್ಲಿ ಎಲ್ಲಿರುವುದೆಂಬ ಪ್ರಶ್ನೆ ಬಂತು. ಕದ್ವಾಡದ ಸೆಕೆ ತನಗಾಗದು ಎಂದು ಅಮ್ಮ; ಸುಂಕಸಾಳಕ್ಕೆ ಬರುವಷ್ಟರಲ್ಲಿ ಮೀನು ಮುದಿಯಾಗಿರುತ್ತದೆ ಎಂದು ಅಪ್ಪ. ಕೊನೆಗೆ ಇಬ್ಬರೂ ಸೋಲದ ಜಾಗ ಹುಡುಕಿದರು: ಕಾರವಾರದ ಬಸ್ಸೂ ಘಟ್ಟ ಇಳಿಯುವ ಬಸ್ಸೂ ಬಂದು ಸೇರುವ ಬಾಳೆಗುಳಿ. ಯಾರಿಗೆ ಸಿಟ್ಟು ಬಂದರೂ ತಮ್ಮೂರಿಗೆ ಹೊರಟು ನಿಲ್ಲಲು ಅನುಕೂಲ. ಇಬ್ಬರೂ ಹೊರಟು ನಿಂತದ್ದುಂಟು. ಬಸ್ಸು ಬರುವಷ್ಟರಲ್ಲಿ ಸಿಟ್ಟು ಇಳಿದಿರುತ್ತಿತ್ತು. ನಮ್ಮ ಸಂಸಾರ ಉಳಿದದ್ದರಲ್ಲಿ ಬಸ್ಸುಗಳು ತಡವಾಗುವುದರ ಪಾಲೂ ಇದೆ ಎಂದು ನಾನು ನಂಬಿದ್ದೇನೆ.

ಆಗ ಕ್ರಾಸಿನಲ್ಲಿ ಕೂರಲು ಜಾಗವಿರಲಿಲ್ಲ. ಹಾಗಾಗಿ ಎರಡೂ ಕಡೆಯ ನೆಂಟರು, ನೆಂಟರ ಊರಿನವರು, ಆ ಊರಿನ ಹೆಸರು ಕೇಳಿ ಗೊತ್ತಿದ್ದವರು ಎಲ್ಲರೂ ಮುಂದಿನ ಬಸ್ಸಿನವರೆಗೆ ನಮ್ಮ ಜಗಲಿಯಲ್ಲೇ. ಅಪ್ಪ "ಬೈಸ್ ರೇ, ಬೈಸ್" ಎಂದು ಕೂರಿಸುತ್ತಿದ್ದ. ಅಮ್ಮ ಯಾರು ಏನು ಎಂದು ಕೇಳುವ ಮೊದಲೇ ಚಹಾಕ್ಕೆ ನೀರಿಡುತ್ತಿದ್ದಳು. ಅಕ್ಕನನ್ನು ನೋಡಲು ಬಂದ ದಿನ ಗಂಡಿನ ಕಡೆಯವರು ಯಾರು, ಹುಬ್ಬಳ್ಳಿ ಬಸ್ಸಿಗೆ ಕಾದವರು ಯಾರು ಎಂದು ತಿಳಿಯದೆ ಎಲ್ಲರಿಗೂ ಅವಲಕ್ಕಿ ಹಂಚಲಾಯಿತು. ಬಸ್ಸಿಗೆ ಕಾದಿದ್ದ ಹಿರಿಯರೊಬ್ಬರು ಅವಲಕ್ಕಿ ತಿಂದು, ಹುಡುಗಿ ತಮಗೆ ಒಪ್ಪಿಗೆ ಎಂದು ಹೇಳಿಯೇ ಬಸ್ಸು ಹತ್ತಿದರು.

ಇಂಥವರ ಹೆಸರಿನಲ್ಲಿ ಬೆಂಚಲ್ಲದೆ ಇನ್ನೇನು ಹಾಕಿಸುವುದು? ಒರಗುವ ಜಾಗದಲ್ಲಿ ಇಬ್ಬರ ಹೆಸರನ್ನೂ ಆಳವಾಗಿ ಕೊರೆಸಿದೆವು. ತಪ್ಪಾದದ್ದು ಮೊದಲ ದಿನವೇ. ಅಕ್ಕ ನಿವೃತ್ತ ಶಿಕ್ಷಕಿ. ಇಡೀ ಊರಿಗೆ ಅವಳು ಅಕ್ಕೋರು. ಯಾವುದನ್ನೂ ಅರ್ಧ ಮಾಡಿ ಗೊತ್ತಿಲ್ಲ. ಬೆಂಚಿಗೆ ಅರಿಸಿನ ಕುಂಕುಮ ಹಚ್ಚಿ, ಅಬ್ಬಲಿಗೆಯ ದಂಡೆ ಹಾಕಿ, ಊದುಬತ್ತಿ ಹಚ್ಚಿ, ಕಾಯಿ ಒಡೆದಳು. ನಾನೂ ಭಕ್ತಿಯಿಂದ ಕೈ ಮುಗಿದೆ.

ಮರುದಿನದಿಂದ ಜನ ಬೆಂಚಿನ ಪಕ್ಕ ನಿಲ್ಲತೊಡಗಿದರು. ಒಬ್ಬರು ಚಪ್ಪಲಿ ಬಿಟ್ಟು ನಿಂತರು. ಯಾರೋ ದಾಸವಾಳ ಇಟ್ಟು ಹೋದರು. ಜನರದೇನೂ ತಪ್ಪಿಲ್ಲ. ನಮ್ಮ ನಾಡಿನಲ್ಲಿ ವೀರಗಲ್ಲು, ಮಾಸ್ತಿಗಲ್ಲು ಎಂದು ಸತ್ತವರಿಗೆ ಎಷ್ಟೋ ಕಲ್ಲು ನಿಲ್ಲಿಸಿದ್ದಾರೆ. ಯಾವುದಕ್ಕಾದರೂ ಬೆನ್ನು ಕೊಟ್ಟು ಕಾಲು ಚಾಚಿರಿ ಎಂದು ಯಾವ ಶಾಸನವೂ ಹೇಳಿದಂತಿಲ್ಲ. ಸತ್ತವರ ಹೆಸರು ಕಲ್ಲಿನ ಮೇಲೆ ಬಿದ್ದರೆ ನಾವು ತಂತಾನೆ ಎದ್ದು ನಿಲ್ಲುತ್ತೇವೆ. ಬದುಕಿದ್ದಷ್ಟು ಕಾಲ ಬಂದವರನ್ನೆಲ್ಲ ಕೂರಿಸಿದವರು, ಈಗ ಎಲ್ಲರನ್ನೂ ಬಿಸಿಲಲ್ಲಿ ನಿಲ್ಲಿಸುತ್ತಿದ್ದರು. ನನಗೆ ಅನ್ನ ಇಳಿಯದಿದ್ದದ್ದು ಇದಕ್ಕೇ.

ನಾನು ಕೂತು ತೋರಿಸಿದರೆ ಜನ ಧೈರ್ಯ ಮಾಡಿಯಾರೆಂದು ಸಂಜೆ ಹೋಗಿ ಕೂತೆ. ಹೆಸರಿಗೆ ಬೆನ್ನು ತಾಗಿಸಲು ಮನಸ್ಸಾಗದೆ ಕೋಲಿನ ಹಾಗೆ ನೆಟ್ಟಗೆ ಕೂತಿದ್ದೆ. ರಸ್ತೆಯ ಅಂಚಿನಲ್ಲಿ ನಿಂತಿದ್ದವನೊಬ್ಬ ಬಹಳ ಹೊತ್ತು ನನ್ನನ್ನೇ ನೋಡಿ ಹತ್ತಿರ ಬಂದ.

"ಭಟ್ರೇ, ಪೂಜೆ ಆಯ್ತಾ? ಪ್ರಸಾದ ಎಂತಾದ್ರೂ ಉಂಟಾ?"

ಮನೆಗೆ ಬಂದು ಅಕ್ಕನಿಗೆ, ಆ ಅರಿಸಿನ ಕುಂಕುಮ ತೊಳೆದುಬಿಡೋಣ ಎಂದೆ. ಅಕ್ಕನ ಮುಖ ಬಿಗಿಯಿತು.

"ಅಮ್ಮನ ಹಣೆಗೆ ಕಡೇ ಕುಂಕುಮ ಹಚ್ಚಿದ್ದು ಇದೇ ಕೈ. ಇದೇ ಕೈಯಲ್ಲಿ ಅಳಿಸ್ಬೇಕಾ? ನನ್ನ ಕೈಲಾಗುದಿಲ್ಲ, ತಮ್ಮಾ."

 ಅಕ್ಕ ದಿನವೂ ಹೂ ಏರಿಸುವುದನ್ನು ಮುಂದುವರಿಸಿದಳು. ಆಗಾಗ ನಾನೂ ಜೊತೆಗೆ ಹೋಗುತ್ತಿದ್ದೆ.

ಅಂಥ ಒಂದು ಮಧ್ಯಾಹ್ನ ಬೆಂಚಿನ ಪಕ್ಕದ ನೆಲದ ಮೇಲೆ ಅಜ್ಜಿಯೊಬ್ಬಳು ಮೊಣಕಾಲು ಹಿಡಿದು ಕೂತಿದ್ದಳು. ಬಿಸಿಲು ನೆತ್ತಿಗೇ ಬೀಳುತ್ತಿತ್ತು.

"ಅಜ್ಜೀ, ಮೇಲೆ ಕೂತ್ಕಣಿ," ಎಂದಳು ಅಕ್ಕ.

"ಬ್ಯಾಡ ಅಕ್ಕೋರೇ. ದೇವ್ರ ಮೇಲೆ ಕುಂಡೆ ಇಡೂಕಾಗ್ತದ್ಯಾ?"

"ದೇವ್ರಲ್ಲ. ನಮ್ಮ ಅಪ್ಪ ಅಮ್ಮ."

"ಅಯ್ಯಯ್ಯೋ, ಹಂಗಾದ್ರೆ ಇನ್ನೂ ಬ್ಯಾಡ!" ಎಂದು ಅಜ್ಜಿ ಮತ್ತೂ ಒಂದು ಗೇಣು ಆಚೆ ಸರಿದಳು.

ಅಕ್ಕ ಹೂವನ್ನು ಕೈಯಲ್ಲೇ ಹಿಡಿದು ನಿಂತಳು. ಅಜ್ಜಿಯನ್ನು ನೋಡಿದಳು, ಬೆಂಚನ್ನು ನೋಡಿದಳು. ಸರಸರನೆ ಮನೆಗೆ ನಡೆದಳು. ಸಿಟ್ಟಾಗಿರಬೇಕೆಂದು ನಾನು ಅಲ್ಲೇ ನಿಂತೆ. ತಿರುಗಿ ಬಂದಾಗ ಒಂದು ಕೈಯಲ್ಲಿ ಬಾಲ್ದಿ, ಇನ್ನೊಂದರಲ್ಲಿ ತೆಂಗಿನ ನಾರು. ಸೆರಗು ಸಿಕ್ಕಿಸಿ ತಿಕ್ಕತೊಡಗಿದಳು. ಅಪ್ಪನ ಹೆಸರಿನ ಅಕ್ಷರಗಳನ್ನು ಬಿರುಸಾಗಿಯೇ ತಿಕ್ಕಿದಳು. ಅಮ್ಮನ ಹೆಸರಿಗೆ ಬಂದಾಗ ನಾರು ಬಿಟ್ಟು, ಬೆರಳನ್ನು ಒದ್ದೆ ಮಾಡಿ, ಒಂದೊಂದೇ ಅಕ್ಷರದ ಸಂದಿಯಿಂದ ಕುಂಕುಮ ತೆಗೆದಳು. ನಾನು ನೀರು ಹೊಯ್ದೆ. 

ಕೆಂಪು ನೀರು ರಸ್ತೆಯ ಕಡೆ ಹರಿದು ಹೋದದ್ದೇ ಅಜ್ಜಿ ಎದ್ದಳು.

"ತಡೀರಿ, ಇನ್ನೂ ಒಣಗ್ಲಿಲ್ಲ," ಎಂದಳು ಅಕ್ಕ.

"ಅಡ್ಡಿಲ್ಲ. ಕಲ್ಲು ಒಣಗೂ ವರೆಗೆ ನನ್ನ ಕಾಲು ನಿಂತ್ಕಂಬೂದಿಲ್ಲ," ಎಂದು ಅಜ್ಜಿ ಧೊಪ್ಪನೆ ಕೂತು, ಅಮ್ಮನ ಹೆಸರಿಗೆ ಬೆನ್ನು ಆನಿಸಿ, ಹಾಯೆಂದು ಉಸಿರು ಬಿಟ್ಟಳು. ಆಮೇಲೆ ಪಕ್ಕದ ಜಾಗ ತಟ್ಟಿದಳು. "ನೀವೂ ಕೂತ್ಕಣಿ ಅಕ್ಕೋರೇ. ಅಮ್ಮಂಗೆ ಎಂತಾಗಿತ್ತು?"

ಮಳೆಗಾಲದಿಂದ ಈಚೆಗೆ ಅಕ್ಕ ಆ ವಿಷಯ ಯಾರ ಹತ್ತಿರವೂ ಆಡಿರಲಿಲ್ಲ. ಈಗ ಒದ್ದೆ ಕಲ್ಲಿನ ಮೇಲೆ, ಒಳ್ಳೆಯ ಸೀರೆಯಲ್ಲಿ ಕೂತು, ಜ್ವರ ಬಂದ ದಿನದಿಂದ ಹೇಳತೊಡಗಿದಳು. ನನಗೂ ಸನ್ನೆ ಮಾಡಿದಳು. ನಾನು ಇನ್ನೊಂದು ತುದಿಯಲ್ಲಿ ಕೂತು, ಅಂಜುತ್ತಲೇ ಹಿಂದಕ್ಕೆ ಒರಗಿದೆ. ಆಳವಾಗಿ ಕೊರೆಸಿದ್ದ ಅಪ್ಪನ ಹೆಸರು ಬೆನ್ನಿಗೆ ಒತ್ತುತ್ತಿತ್ತು, ಸ್ವಲ್ಪ ನೋಯುತ್ತಲೂ ಇತ್ತು. ತುಸು ಸರಿದು ಕೂರೋಣವೆಂದರೆ ಜಾಗವಿರಲಿಲ್ಲ. ಅಷ್ಟರಲ್ಲಿ ಇನ್ನಿಬ್ಬರು ಬಂದು ಕೂತಾಗಿತ್ತು.